ಕೆಳಮನೆಯ ಲೋಟ ಮತ್ತು ಹದಿನೈದು ವ್ಯಾಟ್

ತ್ಯಾಗರಾಜನಗರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತಿಸಿ ಗಾಜಿನ ಕೊಳವೆಗಳಿಂದ ಗಿಟಾರಿನ ಸದ್ದು ಹಿಗ್ಗಿಸುವ ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್ಲಿಫೈಯರನ್ನು ಏದುಸಿರು ಬಿಡುತ್ತ ಹೊತ್ತು ತಂದ ದಿನ, ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ 15 ವ್ಯಾಟ್ ಎಂಬ ಅಂಕಿ ನನಗೆ ಬಹಳ ಸಾಧುವಾಗಿ ಕಂಡಿತ್ತು. ಅಡುಗೆಮನೆಯ ಹಳೆಯ ಟ್ಯೂಬ್‌ಲೈಟ್ ಕೂಡ ಇದಕ್ಕಿಂತ ದುಪ್ಪಟ್ಟು ಕರೆಂಟು ತಿನ್ನುತ್ತದೆ, ಇದರಿಂದ ಯಾರಿಗೆ ತಾನೇ ತೊಂದರೆ ಎಂದು ಹೆಂಡತಿಗೆ ಸಮಾಧಾನ ಹೇಳಿದ್ದೆ. ಗಿಟಾರಿಗೆಂದೇ ತಯಾರಾದ 12 ಇಂಚಿನ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 97ರಿಂದ 100 ಡೆಸಿಬೆಲ್ ಸದ್ದು ಬರುತ್ತದೆ ಎಂಬುದಾಗಲಿ, ಸದ್ದು ಕಿವಿಗೆ ದುಪ್ಪಟ್ಟಾಗಿ ಕೇಳಬೇಕಾದರೆ ಶಕ್ತಿ ಹೆಚ್ಚುಕಡಿಮೆ ಹತ್ತು ಪಟ್ಟು, ಅಂದರೆ ಹತ್ತು ಡೆಸಿಬೆಲ್ ಹೆಚ್ಚು ಬೇಕು, ಹಾಗಾಗಿ 15 ವ್ಯಾಟಿಗೂ ಸಭಾಂಗಣಗಳಲ್ಲಿ ಬಳಸುವ 50 ವ್ಯಾಟಿಗೂ ನಡುವೆ ಬರೀ ಐದು ಡೆಸಿಬೆಲ್ ಅಂತರ ಎಂಬುದಾಗಲಿ ಆಗ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಕೆಳಗಿನ ಮನೆಯ ಮಾಲೀಕರು ಗೇಟಿನ ಬಳಿ ನಿಲ್ಲಿಸಿ ಮಾತಾಡಿದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು, ದನಿ ಏರಿಸುವವರಲ್ಲ.

"ನೋಡಪ್ಪ, ಸೌಂಡ್ ಜಾಸ್ತಿ ಅಂತ ನಾನು ಹೇಳ್ತಾ ಇಲ್ಲ. ನೀನು ಏನು ನುಡಿಸ್ತೀಯ ಅನ್ನೋದೇ ನಮಗೆ ಸರಿಯಾಗಿ ಕೇಳಿಸಲ್ಲ. ಆದ್ರೆ ಪಾತ್ರೆ ಸ್ಟ್ಯಾಂಡಲ್ಲಿ ಒಂದು ಲೋಟ ಬಡ್ಕೊಳ್ಳುತ್ತೆ. ಆಂಟಿಗೆ ಮಧ್ಯಾಹ್ನ ಮಲಗೋಕೆ ಆಗ್ತಿಲ್ಲ."

ಈ ದೂರು ನನಗೆ ವಿಚಿತ್ರವಾಗಿ ಕೇಳಿಸಿತು. ಏಕೆಂದರೆ ಅಷ್ಟರಲ್ಲಿ ನಾನು ವಾಲ್ಯೂಮಿನ ಗುಂಡಿಯನ್ನು ಒಂದರ ಹತ್ತಿರಕ್ಕೆ ಇಳಿಸಿಬಿಟ್ಟಿದ್ದೆ, ಆ ಮಟ್ಟದಲ್ಲಿ ನನ್ನ ಗಿಟಾರಿನ ನಾದ ನೆನೆದ ರಟ್ಟಿನ ಡಬ್ಬಿಯ ಒಳಗಿಂದ ಬಂದಂತೆ ಕೇಳುತ್ತಿತ್ತು. ಮೇಲೆ ಇರುವ ನನಗೆ ಸಾಲದ ಸದ್ದು ಕೆಳಗೆ ಇರುವವರಿಗೆ ಹೆಚ್ಚಾಗುತ್ತಿದೆ ಎಂದರೆ ಎಲ್ಲೋ ಏನೋ ತಪ್ಪಿದೆ ಎಂದುಕೊಂಡು, ಮುಂದಿನ ಭಾನುವಾರವನ್ನು ಪೂರ್ತಿಯಾಗಿ ಇದಕ್ಕೇ ಎತ್ತಿಟ್ಟೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ಅಕ್ಕನ ಮಗನನ್ನು, ಮಧ್ಯಾಹ್ನಕ್ಕೆ ಬಿಸಿಬೇಳೆಬಾತಿನ ಆಸೆ ತೋರಿಸಿ ಕರೆಸಿಕೊಂಡೆ.

ಅಂದು ಬೆಳಗ್ಗೆ ನನ್ನ ತಲೆಯಲ್ಲಿದ್ದ ನಂಬಿಕೆ ಒಂದೇ. ವಾಲ್ವ್ ಆಂಪ್ ಎಂದರೆ ಅದನ್ನು ಏರಿಸಿದರೆ ಮಾತ್ರ ಹಾಡುತ್ತದೆ. ಇದು ಗಿಟಾರು ಹಿಡಿದವರೆಲ್ಲರೂ ಕೇಳಿ ಬೆಳೆದ ಮಾತು, ಪೂರ್ತಿ ಸುಳ್ಳೂ ಅಲ್ಲ. 1966ರಲ್ಲಿ ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತನ್ನ ಮಾರ್ಷಲ್ ಆಂಪನ್ನು ವೇದಿಕೆಯ ಮೇಲೆ ನುಡಿಸುವಷ್ಟೇ ಜೋರಾಗಿ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದದ್ದರಿಂದಲೇ ಆ ದಪ್ಪನೆಯ, ಎಳೆದಷ್ಟೂ ಬಾಳುವ ನಾದ ಧ್ವನಿಮುದ್ರಣಕ್ಕೆ ಬಂತು. (ಆ ಆಂಪಿನ ಮಾದರಿ ಸಂಖ್ಯೆ 1962; ಅದನ್ನು ಇಸವಿ ಎಂದು ತಿಳಿದು ನಾನು ಬಹಳ ಕಾಲ ಗೊಂದಲದಲ್ಲಿದ್ದೆ.) ಜೋರಾಗಿಟ್ಟಾಗ ಮುಂಭಾಗದ ಚಿಕ್ಕ ವಾಲ್ವುಗಳ ಜೊತೆಗೆ ಶಕ್ತಿ ಕೊಡುವ ದೊಡ್ಡ ವಾಲ್ವುಗಳೂ ತಮ್ಮ ಮಿತಿ ಮುಟ್ಟಿ ಅಲೆಯ ತುದಿಗಳನ್ನು ಮೆತ್ತಗೆ ಒತ್ತುತ್ತವೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬಳಲುತ್ತದೆ, ಸ್ಪೀಕರಿನ ಕಾಗದದ ಶಂಕುವೂ ತನ್ನ ಪಾಲಿನ ಒರಟುತನವನ್ನು ಸೇರಿಸುತ್ತದೆ. ನನ್ನ ಆಂಪಿನಲ್ಲಿದ್ದ ಎರಡು ಇಎಲ್84 ವಾಲ್ವುಗಳು ಒಂದನೇ ಅಂಕಿಯ ಮಟ್ಟದಲ್ಲಿ ಇಂಥ ಯಾವ ಕಷ್ಟವನ್ನೂ ಪಡುತ್ತಿರಲಿಲ್ಲ.

ಆದ್ದರಿಂದ ಮೊದಲ ಪ್ರಯೋಗವೆಂದು ಗೆಳೆಯನೊಬ್ಬನಿಂದ ಅಟೆನ್ಯುಯೇಟರ್ ತಂದಿದ್ದೆ. ಆಂಪಿಗೂ ಸ್ಪೀಕರಿಗೂ ನಡುವೆ ಕುಳಿತು, ಬಂದ ಶಕ್ತಿಯಲ್ಲಿ ಬಹುಪಾಲನ್ನು ಶಾಖವಾಗಿ ಸುಟ್ಟು ಸ್ವಲ್ಪವನ್ನು ಮಾತ್ರ ಸ್ಪೀಕರಿಗೆ ಬಿಡುವ ಪೆಟ್ಟಿಗೆ ಇದು. ಅದರ ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಆಂಪಿನ ಓಮಿಗೆ ಹೊಂದಬೇಕು, ವಾಲ್ವ್ ಆಂಪನ್ನು ಸ್ಪೀಕರಾಗಲಿ ಅಂಥ ಪೆಟ್ಟಿಗೆಯಾಗಲಿ ಇಲ್ಲದೆ ಬರಿದೇ ಓಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು ಎಂದು ಗೆಳೆಯ ಮೂರು ಸಲ ಹೇಳಿ ಕಳಿಸಿದ್ದ. ಎಂಟು ಓಮಿನ ಸಾಕೆಟ್ಟಿಗೆ ಎಂಟು ಓಮಿನ ತಂತಿ ಎಂದು ಎರಡೆರಡು ಬಾರಿ ನೋಡಿ ಜೋಡಿಸಿದೆವು. ಆಂಪನ್ನು ಏಳಕ್ಕೆ ಏರಿಸಿ, ಪೆಟ್ಟಿಗೆಯಿಂದ ಸದ್ದನ್ನು ಮಾತಿನ ಮಟ್ಟಕ್ಕೆ ಇಳಿಸಿದೆ. ನುಡಿಸಿದೆ. ಒರಟುತನ ಬಂದಿತ್ತು, ನಿಜ. ಆದರೆ ನಾದ ಇನ್ನೂ ರಟ್ಟಿನ ಡಬ್ಬಿಯ ಒಳಗೇ ಇತ್ತು.

"ಮಾಮ, ಎಲ್ಲಾ ವಾಲ್ವೂ ಕೆಲಸ ಮಾಡ್ತಿದೆಯಲ್ಲ, ಮತ್ತೇನು ಕಮ್ಮಿ ಆಯ್ತು?" ಎಂದು ಅವನು ಕೇಳಿದ. ಕಮ್ಮಿಯಾಗಿದ್ದು ನನ್ನ ಕಿವಿಯಲ್ಲಿ ಎಂಬ ಉತ್ತರ ಹೊಳೆಯಲು ಕಾಫಿಯ ಹೊತ್ತಿನವರೆಗೂ ಕಾಯಬೇಕಾಯಿತು. ಬೆಲ್ ಲ್ಯಾಬೊರೇಟರಿಯ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಅಳೆದು ತೋರಿಸಿದ ಸಂಗತಿ ಇದು: ಮನುಷ್ಯನ ಕಿವಿ ಮೆಲುದನಿಯಲ್ಲಿ ಮಂದ್ರವನ್ನೂ ಬಹಳ ಮೇಲಿನ ಸ್ವರಗಳನ್ನೂ ಕಡಿಮೆ ಕೇಳಿಸಿಕೊಳ್ಳುತ್ತದೆ, ಸದ್ದು ಏರಿದಂತೆ ಈ ವ್ಯತ್ಯಾಸ ಕಿರಿದಾಗುತ್ತದೆ. 1,000 ಹರ್ಟ್ಸಿನ ಸ್ವರವೊಂದು 40 ಡೆಸಿಬೆಲಿನಲ್ಲಿ ಕೇಳುವಷ್ಟೇ ಗಟ್ಟಿಯಾಗಿ 100 ಹರ್ಟ್ಸಿನ ಸ್ವರ ಕೇಳಬೇಕಾದರೆ ಅದಕ್ಕೆ 20 ಡೆಸಿಬೆಲಿಗಿಂತ ಹೆಚ್ಚು ಒತ್ತಾಸೆ ಬೇಕು. ಗಿಟಾರಿನ ಆರನೇ ತಂತಿ ಬಿಡಿಯಾಗಿ ಮಿಡಿದಾಗ ಸುಮಾರು 82 ಹರ್ಟ್ಸ್. ನನ್ನ ಆಂಪಿನಿಂದ ಮಂದ್ರ ಬರುತ್ತಲೇ ಇತ್ತು, ನನಗೆ ಮುಟ್ಟುತ್ತಿರಲಿಲ್ಲ. ಅಲ್ಲದೆ ನಾನು ಹುಡುಕುತ್ತಿದ್ದದ್ದು 2011ರ ಅಕ್ಟೋಬರ್ 30ರ ರಾತ್ರಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಎಂಬ ರಾಕ್ ತಂಡ ನುಡಿಸುವಾಗ ಅಂಗಿಯ ಗುಂಡಿಯನ್ನೂ ನಡುಗಿಸಿದ ಗಿಟಾರಿನ ದನಿಯನ್ನು. ಹುಡುಕುತ್ತಿದ್ದ ಜಾಗ ಹತ್ತಡಿಗೆ ಹನ್ನೆರಡಡಿಯ ಕೋಣೆ.

ಹಾಗಾದರೆ ಮಂದ್ರವನ್ನು ಹೆಚ್ಚಿಸಿದರಾಯಿತು ಎಂದು ಬಾಸ್ ಗುಂಡಿಯನ್ನು ಮೂರರಿಂದ ಏಳಕ್ಕೆ ತಿರುಗಿಸಿದೆ. ಕೋಣೆ ತುಂಬಿತು, ನನಗೂ ಖುಷಿಯಾಯಿತು, ಕೆಳಗಿನಿಂದ ಫೋನೂ ಬಂತು.

ಅಂದಿನ ಕೆಲಸ ನಿಜವಾಗಿ ಶುರುವಾದದ್ದು ಆ ಫೋನಿನಿಂದ. ಕ್ಷಮೆ ಕೇಳಿ, ಒಂದು ಹತ್ತು ನಿಮಿಷ ನಿಮ್ಮ ಅಡುಗೆಮನೆಯಲ್ಲಿ ನಿಲ್ಲಬಹುದೇ ಎಂದು ಕೇಳಿಕೊಂಡೆ. ಅಂಕಲ್ ಬಾಗಿಲು ತೆರೆದರು, ಆಂಟಿ ಸ್ಟ್ಯಾಂಡಿನತ್ತ ಕೈ ತೋರಿಸಿದರು. ಮೇಲೆ ಹುಡುಗ ಆರನೇ ತಂತಿಯ ಮೇಲೆ ಒಂದೊಂದೇ ಮನೆ (ಫ್ರೆಟ್) ಒತ್ತಿ ಮೀಟುತ್ತ ಹೋದ, ನಾನು ಮೊಬೈಲಿನಲ್ಲಿ "ಮುಂದೆ, ಮುಂದೆ" ಎನ್ನುತ್ತಿದ್ದೆ. ಮೂರನೇ ಮನೆಗೆ ಬಂದಾಗ ಎರಡನೇ ಸಾಲಿನ ಸ್ಟೀಲ್ ಲೋಟವೊಂದು ಪಕ್ಕದ ತಟ್ಟೆಗೆ ತಾಗಿ ಜಿರ್ ಎಂದಿತು. ನಾಲ್ಕನೆಯದಕ್ಕೆ ಸುಮ್ಮನಾಯಿತು. ಮತ್ತೆ ಮೂರಕ್ಕೆ ಬಾ ಎಂದೆ, ಮತ್ತೆ ಜಿರ್ ಎಂದಿತು. ಮೂರನೇ ಮನೆ ಎಂದರೆ ಜಿ ಸ್ವರ, 98 ಹರ್ಟ್ಸ್. ಅಂಕಲ್ ಮುಖದಲ್ಲಿ ಕಳ್ಳನ ಗುರುತು ಸಿಕ್ಕಿದ ತೃಪ್ತಿ ಕಾಣಿಸಿತು.

ಅಲ್ಲಿ ನಿಂತು ಕೇಳಿದ ಸದ್ದಿನಲ್ಲಿ ಗಿಟಾರೇ ಇರಲಿಲ್ಲ ಎಂಬುದು ನನ್ನನ್ನು ಬೆರಗುಗೊಳಿಸಿತು. ಉಗುರು ತಂತಿಗೆ ತಾಗುವ ಚುರುಕು, ಮಧ್ಯದ ಸ್ವರಗಳ ಗೊಗ್ಗರು, ನಾನು ಟೋನ್ ಎಂದು ಕರೆಯುವ ಎಲ್ಲವನ್ನೂ ನಡುವಿನ ಕಾಂಕ್ರೀಟು ತಡೆದಿತ್ತು. ಇಳಿದು ಬಂದದ್ದು ಅಡಿಯ ಗುಮ್ಮೆನ್ನುವ ಭಾಗ ಮಾತ್ರ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆ ಅಳತೆ ಕಿವಿಯ ಸ್ವಭಾವವನ್ನೇ ಅನುಸರಿಸಿ ಮಂದ್ರಕ್ಕೆ ಕಡಿಮೆ ತೂಕ ಕೊಡುವಂಥದ್ದು. ಲೋಟಕ್ಕೆ ಅಂಥ ಸ್ವಭಾವವೇನೂ ಇಲ್ಲ. ಗಣೇಶೋತ್ಸವದ ತಿಂಗಳಲ್ಲಿ ನಮ್ಮ ರಸ್ತೆಯ ಕೊನೆಯಲ್ಲಿ ಈ ಎರಡೂ ಅಂಕಿಗಳಿಗೆ ಏನಾಗುತ್ತದೆ ಎಂಬುದು ಬೇರೆ ಮಾತು.

ಮೇಲೆ ಬಂದು ನೋಡಿದರೆ ಆಂಪ್ ಇದ್ದದ್ದು ಬರೀ ನೆಲದ ಮೇಲೆ, ಗೋಡೆಯ ಮೂಲೆಯಲ್ಲಿ. ಪೆಟ್ಟಿಗೆಯ ನಡುಕವನ್ನು ನೆಲಕ್ಕೆ ನೇರವಾಗಿ ದಾಟಿಸಲು, ಮೂಲೆಯ ಎರಡು ಗೋಡೆಗಳಿಂದ ಮಂದ್ರವನ್ನು ಇನ್ನಷ್ಟು ಹಿಗ್ಗಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗುವುದಿಲ್ಲ. ಸ್ಪೀಕರಿನ ಮುಖ ನನ್ನ ಮೊಣಕಾಲಿಗೆ ನುಡಿಸುತ್ತಿತ್ತು. ಹನ್ನೆರಡು ಇಂಚಿನ ಸ್ಪೀಕರಿನಿಂದ ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೆಟ್ಟಗೆ ಹೋಗುವುದರಿಂದ, ಅವು ನನ್ನ ಕಿವಿಗೆ ಬರದೆ ಮಂಚದ ಕೆಳಗೆ ಸೇರುತ್ತಿದ್ದವು. ಊರಿನಿಂದ ತಂದಿದ್ದ ದಪ್ಪ ಕಂಬಳಿಯನ್ನು ನಾಲ್ಕಾಗಿ ಮಡಿಸಿ, ಅದರ ಕೆಳಗೆ ಹಳೆಯ ಫೋಮ್ ಹಾಸಿಗೆಯ ಎರಡು ತುಂಡು ಕೊಟ್ಟು, ಗಟ್ಟಿಮುಟ್ಟಾದ ಸ್ಟೂಲಿನ ಮೇಲೆ ಹಾಸಿ ಆಂಪನ್ನು ಅದರ ಮೇಲೆ ಕೂರಿಸಿದೆವು. ಮೂಲೆಯಿಂದ ಮೂರಡಿ ಆಚೆಗೆ ತಂದು, ನಾನು ಕುಳಿತಾಗ ಕಿವಿಗೆ ಎದುರಾಗುವಂತೆ ಹಿಂದಕ್ಕೆ ಸ್ವಲ್ಪ ವಾಲಿಸಿದೆವು. ವಾಲ್ಯೂಮನ್ನು ಕೂದಲೆಳೆಯಷ್ಟೂ ಮುಟ್ಟದೆ ನಾದ ಅರ್ಧದಷ್ಟು ಬದಲಾಯಿತು. ಲೋಟ ಮಾತ್ರ ಕಡಿಮೆಯಾದರೂ ಇನ್ನೂ ಗೊಣಗುತ್ತಿದೆ ಎಂದು ಕೆಳಗಿನಿಂದ ವರದಿ ಬಂತು. ಅಂಕಲ್ ಈಗ ಪ್ರಯೋಗದ ಪಾಲುದಾರರಾಗಿದ್ದರು.

ಆಗ ಮಂದ್ರದಿಂದ ಮೇಲಿನ ಸ್ವರಗಳವರೆಗೆ ಒಂದೊಂದು ಭಾಗವನ್ನೂ ಬೇರೆಯಾಗಿ ಏರಿಸಿ ಇಳಿಸುವ, ಏಳು ಜಾರುಗುಂಡಿಗಳ ಈಕ್ವಲೈಸರ್ ಪೆಡಲನ್ನು ಹೊರತೆಗೆದೆ. ಅದರ ಮೊದಲ ಗುಂಡಿ 100 ಹರ್ಟ್ಸಿನದು, ಎರಡನೆಯದು 200ರದು. ಸ್ವರವೊಂದರ ಮೂಲ ಕಂಪನ ಕ್ಷೀಣವಾಗಿದ್ದರೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು ಗಟ್ಟಿಯಾಗಿದ್ದರೆ, ಕಿವಿ ಇಲ್ಲದ ತಳವನ್ನು ತಾನೇ ಕಟ್ಟಿಕೊಳ್ಳುತ್ತದೆ. ಕೈಯಗಲದ ರೇಡಿಯೋದಲ್ಲಿ ಗಂಡುದನಿ ಗಂಡುದನಿಯಾಗಿಯೇ ಕೇಳುವುದು ಹೀಗೆ. 100ರ ಗುಂಡಿಯನ್ನು ಮುಕ್ಕಾಲು ಭಾಗ ಇಳಿಸಿ, 200ರ ಗುಂಡಿಯನ್ನು ತುಸು ಏರಿಸಿದೆ. ಜಿ ಸ್ವರ ನನಗೆ ಜಿ ಸ್ವರವಾಗಿಯೇ ಕೇಳಿತು, ತೂಕವೂ ಹೆಚ್ಚೇನೂ ತಗ್ಗಲಿಲ್ಲ. ಫೋನಿನಲ್ಲಿ ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು "ನುಡಿಸ್ತಿದ್ದೀಯಾ?" ಎಂದರು. ನುಡಿಸುತ್ತಲೇ ಇದ್ದೆ.

ಊಟದ ನಂತರ ಉಳಿದದ್ದು ನಾದದ ಪ್ರಶ್ನೆ. ಸಿಟ್ಟಿನಲ್ಲಿ ಗೇನ್, ಅಂದರೆ ಆಂಪಿನ ಮೊದಲ ಹಂತದಲ್ಲೇ ನಾದವನ್ನು ಒರಟಾಗಿಸುವ ಗುಂಡಿಯನ್ನು, ಏರಿಸುತ್ತ ಹೋಗುವುದು ನನ್ನ ಹಳೆಯ ಚಾಳಿ. ಮೆಲುದನಿಯಲ್ಲಿ ಅದು ಎಣ್ಣೆಗೆ ಬಿದ್ದ ಸಾಸಿವೆಯ ಚಟಪಟವನ್ನು ಮಾತ್ರ ಹೆಚ್ಚಿಸುತ್ತದೆ, ಜೊತೆಗೆ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಮೂಲಕ ಫ್ಯಾನ್ ರೆಗ್ಯುಲೇಟರಿನ ಕೊರೆತವನ್ನೂ ಒಳಗೆ ಕರೆಯುತ್ತದೆ. ಗೇನನ್ನು ಅರ್ಧಕ್ಕಿಂತ ಕೆಳಕ್ಕೆ ತಂದಾಗ ಸ್ವರಗಳು ಬಿಡಿಬಿಡಿಯಾಗಿ ಎದ್ದವು. ಫ್ಯಾನನ್ನೂ ಆರಿಸಿದೆವು, ಏಕೆಂದರೆ ಅದರ ಗಾಳಿಯ ಸದ್ದೇ ಸ್ವರದ ಬಾಲವನ್ನು ನುಂಗುತ್ತಿತ್ತು. ಬೆವರಿದ್ದು ಈ ಸಂಶೋಧನೆಯ ಖರ್ಚು. ಸ್ವಲ್ಪವೇ ರಿವರ್ಬ್ ಸೇರಿಸಿದಾಗ, ಮೆಲುದನಿಗೆ ಮರುದನಿ ಕೊಡದ ಆ ಕೋಣೆ ಕೊಂಚ ದೊಡ್ಡದಾದಂತಾಯಿತು.

ಅತಿ ದೊಡ್ಡ ತಿದ್ದುಪಡಿ ಬಂದದ್ದು ಹುಡುಗನಿಂದ. ಬೇಸರವಾಗಿ ಅವನು ಮೊಬೈಲಿನಿಂದ ಪುಟ್ಟ ಬ್ಲೂಟೂತ್ ಸ್ಪೀಕರಿಗೆ ಡ್ರಮ್ ಮತ್ತು ಬಾಸ್ ಗಿಟಾರ್ ಮಾತ್ರ ಇರುವ ಟ್ರ್ಯಾಕೊಂದನ್ನು ಹಾಕಿದ. ನಾನು ಅದಕ್ಕೆ ಸರಿಯಾಗಿ ನುಡಿಸತೊಡಗಿದೆ, ನಾಲ್ಕನೇ ಆವರ್ತಕ್ಕೆ ಕೈ ನಿಲ್ಲಿಸಿ ಅವನ ಮುಖ ನೋಡಿದೆ. ಇಡೀ ದಿನ ಹುಡುಕಿದ ಟೋನು ಅಲ್ಲಿತ್ತು. ಧ್ವನಿಮುದ್ರಣಗಳಲ್ಲಿ ನಾವು ಗಿಟಾರಿನದೆಂದು ಮೆಚ್ಚುವ ಮೈತೂಕದಲ್ಲಿ ಒಳ್ಳೆಯ ಪಾಲು ಬಾಸ್ ಗಿಟಾರಿನದು. ಅದನ್ನು ಒಂಟಿ ಗಿಟಾರಿನಿಂದಲೇ ಹೊರಡಿಸಲು ನಾನು ವಾರಗಟ್ಟಲೆ ಗುಂಡಿ ತಿರುಗಿಸಿದ್ದೆ. ಅಷ್ಟೇ ಮುಖ್ಯವಾದದ್ದು, ಆ ಧ್ವನಿಮುದ್ರಣಗಳನ್ನೂ ನಾನು ಮನೆಯಲ್ಲಿ ಮೆಲುದನಿಯಲ್ಲೇ ಕೇಳುತ್ತ ಬಂದವನು, ಅಲ್ಲಿ ಎಂದೂ ರಟ್ಟಿನ ಡಬ್ಬಿ ಎನಿಸಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸೋತೆವು. ಜೋರಾಗಿ ನುಡಿಸುವಾಗ ಸ್ಪೀಕರಿನ ಸದ್ದು ಮರಳಿ ತಂತಿಗೆ ತಾಗಿ ಅದನ್ನು ಅಲುಗಿಸುತ್ತಲೇ ಇಡುತ್ತದೆ, ಸ್ವರ ಸಾಯುವುದಿಲ್ಲ. ಮೆಲುದನಿಯಲ್ಲಿ ಅದು ಎರಡು ಉಸಿರಿನಷ್ಟು ಹೊತ್ತಿಗೆ ಆರಿಹೋಗುತ್ತದೆ. ಸದ್ದಿನ ಏರಿಳಿತವನ್ನು ಸಮ ಮಾಡುವ ಕಂಪ್ರೆಸರ್ ಪೆಡಲ್ ಸ್ವಲ್ಪ ಎಳೆದು ನಿಲ್ಲಿಸಿತು. ಗಿಟಾರಿನ ತಲೆಯನ್ನು ಆಂಪಿನ ಪೆಟ್ಟಿಗೆಗೆ ತಾಗಿಸಿ ಹಿಡಿದರೆ ಮರದ ಮೂಲಕವೇ ಕಂಪನ ಹರಿದು ಸ್ವರ ಇನ್ನಷ್ಟು ಬಾಳುತ್ತದೆ ಎಂಬುದನ್ನೂ ಮಾಡಿ ನೋಡಿದೆವು. ನಿಜವೇ, ಆದರೆ ಹಾಗೆ ಬಾಗಿ ಕುಳಿತು ಒಂದು ಸ್ವರಕ್ಕಿಂತ ಹೆಚ್ಚು ನುಡಿಸುವುದು ನನ್ನ ಬೆನ್ನಿಗೆ ಒಗ್ಗಲಿಲ್ಲ. ಸಂಜೆ ಗುಂಡಿಗಳ ಸ್ಥಾನವನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಗೆಳೆಯನ ಅಟೆನ್ಯುಯೇಟರನ್ನು ಹಿಂತಿರುಗಿಸಲು ಚೀಲಕ್ಕೆ ಹಾಕಿದೆ. ಗೇನ್ ಅಷ್ಟು ಇಳಿದ ಮೇಲೆ ಅದಿದ್ದರೂ ಇಲ್ಲದಿದ್ದರೂ ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ.

ಮುಂದಿನ ತಿಂಗಳು ಗೆಳೆಯರೊಂದಿಗೆ ಗಂಟೆ ಲೆಕ್ಕದ ಜ್ಯಾಮ್ ರೂಮಿಗೆ ಹೋದಾಗ ಅದೇ ಫೋಟೋ ನೋಡಿ ಗುಂಡಿಗಳನ್ನು ಹಾಗೆಯೇ ಇಟ್ಟು, ವಾಲ್ಯೂಮನ್ನು ಮಾತ್ರ ಐದಕ್ಕೆ ಏರಿಸಿದೆ. ಮನೆಯಲ್ಲಿ ಹದವಾಗಿದ್ದ 200ರ ಏರಿಕೆ ಅಲ್ಲಿ ಕೋಣೆಯನ್ನೆಲ್ಲ ಗುಂಯ್‌ಗುಡಿಸಿತು. ಡ್ರಮ್ಮಿನವನು ಕೋಲು ಎತ್ತಿ ಹಿಡಿದು ನಿಲ್ಲಿಸು ಎಂದು ಸನ್ನೆ ಮಾಡಿದ. ನಾನು ನಿಲ್ಲಿಸಿದ ಮೇಲೂ ಕ್ಷಣಕಾಲ, ಯಾರೂ ಮುಟ್ಟದ ಅವನ ಸ್ನೇರ್ ಡ್ರಮ್ಮಿನ ತಳದ ತಂತಿಗಳು ಜಿರ್ರೆನ್ನುತ್ತಿದ್ದವು.