ಹಳೇ ನಾಲೆಯ ದಂಡೆಯಲ್ಲಿ ಒಂದು ಶನಿವಾರ

ನಾನು ಕೆಲಸ ಮಾಡಿದ್ದು ನೀರಾವರಿ ಇಲಾಖೆಯಲ್ಲಿ. 31 ವರ್ಷ, ಹೆಚ್ಚುಕಮ್ಮಿ ಅಷ್ಟೂ ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆಯೇ ಕಳೆದವು. ಹೋದ ಮಾರ್ಚ್‌ನಲ್ಲಿ ಮಗಳ ಮನೆಗೆಂದು ನೆದರ್ಲೆಂಡ್ಸ್‌ಗೆ ಹೋಗಿದ್ದೆವು. ಒಂದು ಶುಕ್ರವಾರ ರಾತ್ರಿ ಅವಳು, "ಅಪ್ಪಾ, ನಾಳೆ ನಿನಗೊಂದು ನಾಲೆ ತೋರಿಸ್ತೀನಿ" ಅಂದಳು. ನನ್ನ ಹೆಂಡತಿ ನಕ್ಕುಬಿಟ್ಟಳು. "ಮಂಡ್ಯದಿಂದ ಇಷ್ಟು ದೂರ ಬಂದಿದ್ದು ಮತ್ತೆ ನಾಲೆ ನೋಡೋಕಾ?"

ಆಮ್‌ಸ್ಟರ್‌ಡ್ಯಾಮಿನಿಂದ ಉಟ್ರೆಕ್ಟ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಸ್ಟೇಷನ್ನಿನ ಅಡಿಯಲ್ಲೇ 12,500 ಸೈಕಲ್ ನಿಲ್ಲಿಸುವ ಜಾಗವಿದೆ. ಅಷ್ಟೊಂದು ಸೈಕಲ್ ಒಟ್ಟಿಗೆ ನೋಡಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹೊರಗೆ ಬಂದವನೇ ಫೋಟೋ ತೆಗೆಯಲು ಕೆಂಪು ಬಣ್ಣದ ದಾರಿಯಲ್ಲಿ ನಿಂತೆ. ಅದು ಸೈಕಲ್ಲಿನ ದಾರಿಯಂತೆ. ಹಿಂದಿನಿಂದ ಬೆಲ್ಲು. ತಿರುಗಿ ನೋಡುವಷ್ಟರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಏನೋ ಬೈದುಕೊಂಡು ಸುಯ್ ಅಂತ ಹೋದರು. ಮಗಳು ಅದರ ಅರ್ಥ ಹೇಳಲೇ ಇಲ್ಲ.

ಊರಿನ ನಡುವೆ ಹರಿಯುವ ಕಾಲುವೆಯ ಹೆಸರು ಔದೆಖ್ರಾಖ್ಟ್. ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಹೇಳಬೇಕು. ಅರ್ಥ ಮಾತ್ರ ಸುಲಭ: ಹಳೇ ನಾಲೆ. ಆಮೇಲೆ ನಾನು ದಿನವಿಡೀ ಹಾಗೇ ಕರೆದೆ.

ಇಂಥ ನಾಲೆಯನ್ನು ಮಾತ್ರ ನಾನು ನೋಡಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ರಸ್ತೆಯ ಪಕ್ಕದಲ್ಲೇ ನೀರು. ಇಲ್ಲಿ ರಸ್ತೆಯಿಂದ ಒಂದು ಮಹಡಿ ಕೆಳಗೆ ನೀರು, ನೀರಿನ ಪಕ್ಕ ಕಲ್ಲು ಹಾಸಿದ ದಂಡೆ, ದಂಡೆಗೆ ಬಾಗಿಲು ತೆರೆಯುವ ಸಾಲು ಸಾಲು ನೆಲಮಾಳಿಗೆಗಳು. ದೋಣಿಯಲ್ಲಿ ಬಂದ ಸರಕನ್ನು ದಂಡೆಗೆ ಇಳಿಸಿ ಸೀದಾ ಒಳಗೆ ಸಾಗಿಸಲಿ ಅಂತ ವ್ಯಾಪಾರಿಗಳು ತಮ್ಮ ಮನೆಯಡಿಯಿಂದ ನೀರಿನವರೆಗೂ ಕೊರೆದು ಕಟ್ಟಿಸಿಕೊಂಡಿದ್ದು. ನಡುವೆ ಇರುವ ರಸ್ತೆ ಈ ಮಾಳಿಗೆಗಳ ತಲೆಯ ಮೇಲೆ ಕೂತಿದೆ. ಅಂದರೆ ನಾವು ನಡೆಯುತ್ತಿದ್ದ ರಸ್ತೆಯ ಅಡಿ ಟೊಳ್ಳು! ಭಾರದ ಲಾರಿಗಳನ್ನು ಬಿಡುವುದಿಲ್ಲವಂತೆ. ಹೋಟೆಲುಗಳಿಗೆ ಬಿಯರು, ಸಾಮಾನು ತಂದುಕೊಡಲು ಬ್ಯಾಟರಿ ದೋಣಿ ಇದೆ. ನಾನು ಕಮಾನುಗಳ ಇಟ್ಟಿಗೆ ಜೋಡಣೆ ನೋಡುತ್ತಾ, ಅಲ್ಲಲ್ಲಿ ಬೆರಳಿಂದ ಗಾರೆ ಕೆರೆಯುತ್ತಾ ನಿಂತುಬಿಟ್ಟೆ. "ಇನ್ಸ್‌ಪೆಕ್ಷನ್ ಆಯ್ತಾ ಸಾಹೇಬ್ರೇ?" ಅಂದಳು ಹೆಂಡತಿ.

ಕೆಳಗಿನ ದಂಡೆಗೆ ಇಳಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನೀರಿನಂಚಿಗೆ ಕಂಬಿಯೂ ಇಲ್ಲ, ಗೋಡೆಯೂ ಇಲ್ಲ. ಹುಡುಗರು ಕಾಲು ಇಳಿಬಿಟ್ಟು ಕೂತು ಹರಟುತ್ತಿದ್ದರು. ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಬಂತು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರಲ್ಲ, ನಮ್ಮ ಕಡೆಯವರು ಅದಾದ ಮೇಲೆ ತಡೆಗೋಡೆ ಇಲ್ಲದ ಯಾವ ನೀರನ್ನೂ ಸುಮ್ನೆ ನೋಡಲಾರರು. ಇಲ್ಲಿ ದಂಡೆಗೆ ವಾಹನ ಇಳಿಯುವುದಿಲ್ಲ, ನೀರಿಗೆ ಸೆಳೆತವೂ ಇಲ್ಲ. ಗೊತ್ತು. ಆದರೂ ಹೆಂಡತಿಯನ್ನು ಗೋಡೆಯ ಕಡೆಗೇ ಕೂರಿಸಿದೆ. ಅಲ್ಲೇ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಕಾಫಿ ಮಾತ್ರ ಕೊಂಡು ಕುಡಿದೆವು. ನಾಲ್ಕು ಯೂರೋ, ಹತ್ತಿರ ಹತ್ತಿರ ನಾನೂರು ರೂಪಾಯಿ. ಅವಳು ಆ ವಿಷಯ ಇನ್ನೂ ಬಿಟ್ಟಿಲ್ಲ.

ಊರಿನ ದೊಡ್ಡ ಗೋಪುರದ ಬಗ್ಗೆ ಜಾಸ್ತಿ ಹೇಳಲಾರೆ. 1382ರಲ್ಲಿ ಮುಗಿದದ್ದು, 112 ಮೀಟರ್ ಎತ್ತರ, ಮೆಟ್ಟಿಲು 465. ಮಗಳು ಹತ್ತಿದಳು, ನನ್ನ ಮಂಡಿ ಒಪ್ಪಲಿಲ್ಲ. ವಿಚಿತ್ರ ಅಂದರೆ ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ, ನಡುವೆ ಖಾಲಿ ಚೌಕ. 1674ರ ಬಿರುಗಾಳಿಗೆ ನಡುವಿನ ಕಟ್ಟಡ ಕುಸಿದು ಬಿತ್ತು. ಮತ್ತೆ ಕಟ್ಟಲೇ ಇಲ್ಲ.

ಒಂದು ಗಂಟೆಯ ಹೊತ್ತಿಗೆ ಮಗಳು ಅವಸರ ಮಾಡಿ ಮತ್ತೆ ಹಳೇ ನಾಲೆಯ ರಸ್ತೆಗೆ ಕರೆದುಕೊಂಡು ಹೋದಳು. ಅಲ್ಲಿ ರಸ್ತೆಗೆ ಹಾಸಿದ ಕಲ್ಲುಗಳಲ್ಲೇ ಒಂದು ಪದ್ಯ ಬರೆಯುತ್ತಿದ್ದಾರೆ. ಕಲ್ಲಿಗೆ ಒಂದು ಅಕ್ಷರ. ವಾರಕ್ಕೆ ಒಂದೇ ಅಕ್ಷರ, ಪ್ರತಿ ಶನಿವಾರ ಮಧ್ಯಾಹ್ನ. 2012ರಲ್ಲಿ ಶುರುವಾದದ್ದು ಇನ್ನೂ ನಡೆದಿದೆ, ಕೊನೆ ಅಂತ ಇಟ್ಟುಕೊಂಡಿಲ್ಲ. ನಾವು ಹೋದಾಗ ಕೆತ್ತುವವರು ನೆಲಕ್ಕೆ ಬಗ್ಗಿ ಕೂತು ಉಳಿಯಿಂದ ಟಕ್ ಟಕ್ ಅನ್ನಿಸುತ್ತಿದ್ದರು. ಇಂಗ್ಲಿಷಿನ 'ಎನ್' ಅಕ್ಷರ. ಓರೆ ಗೀಟು ಅರ್ಧ ಆಗಿತ್ತು. ನಾಲ್ಕು ಏಟು ಹಾಕಿ, ಬಾಯಿಂದ ಊದಿ, ಬೆರಳಾಡಿಸಿ ನೋಡಿ, ಮತ್ತೆ ನಾಲ್ಕು ಏಟು. ಸುತ್ತ ಆರೇಳು ಜನ ಇದ್ದೆವು, ಯಾರಿಗೂ ಅವಸರವಿರಲಿಲ್ಲ. ವರ್ಷಕ್ಕೆ 52 ಅಕ್ಷರ, ಒಂದು ಸಾಲು ಓದಿ ಮುಗಿಸಲು ವರ್ಷಗಟ್ಟಲೆ ಕಾಯಬೇಕು ಅಂತ ನಾನು ಲೆಕ್ಕ ಹಾಕುತ್ತಿದ್ದೆ. "ಕನ್ನಡದಲ್ಲಾದ್ರೆ ಒತ್ತಕ್ಷರಕ್ಕೆ ಇನ್ನೊಂದು ವಾರ ಕೊಡಬೇಕಾಗಿತ್ತೋ ಏನೋ" ಅಂದಳು ಹೆಂಡತಿ. ಅವಳು ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವಳು.

ಸಂಜೆ ವಾಪಸ್ ಸ್ಟೇಷನ್ ಕಡೆ ಬರುವಾಗ ಊರಿನ ಕಂದಕ ನೋಡಿದೆವು. ಶ್ರೀರಂಗಪಟ್ಟಣದ ಕೋಟೆಯ ಸುತ್ತ ಇದೆಯಲ್ಲ, ಆ ಥರದ್ದು. 1970ರ ದಶಕದಲ್ಲಿ ಇದರ ಒಂದು ಭಾಗದ ನೀರು ತೆಗೆದು, ಕಾರು ಓಡಲಿ ಅಂತ ದೊಡ್ಡ ರಸ್ತೆ ಮಾಡಿದ್ದರಂತೆ. 2002ರಲ್ಲಿ ಊರವರು ಮತ ಹಾಕಿ ನೀರೇ ಬೇಕು ಅಂದರು. ರಸ್ತೆ ಅಗೆದು, 2020ರಲ್ಲಿ ಮತ್ತೆ ನೀರು ಬಿಟ್ಟರು. ಈಗ ಶಾಪಿಂಗ್ ಮಾಲಿನ ಅಡಿಯಿಂದಲೇ ನೀರು ಹಾಯುತ್ತದೆ. ಒಂದು ದೋಣಿ ಅದರೊಳಗೆ ನುಗ್ಗಿ ಮಾಯವಾದಾಗ ನನಗೆ ವಿ.ಸಿ. ನಾಲೆ ಹಾಯುವ ನಮ್ಮ ಹುಲಿಕೆರೆ ಸುರಂಗ ನೆನಪಾಯಿತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಅದನ್ನೂ ಹೀಗೆ ಅಗೆದರೆ ಹೇಗೆ ಅಂತ ಕೇಳಿದೆ. "ಬಸ್ಸು ಎಲ್ಲಿ ನಿಲ್ಲಿಸ್ತಾರೆ, ನಿಮ್ಮ ತಲೆ ಮೇಲಾ?" ಅಂತ ಉತ್ತರ ಬಂತು.

ಅವತ್ತು ನೋಡಿದ್ದರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಮಾತ್ರ ಇದ್ಯಾವುದೂ ಅಲ್ಲ. ಹಳೇ ನಾಲೆಯ ಬಡಗಣ ತುದಿಯಲ್ಲಿ ಒಂದು ಹಳೆಯ ಲಾಕ್ ಗೇಟು ಇದೆ. ದೋಣಿ ದಾಟಿಸಲು ತೆರೆಯುವುದು. ವಸಂತದಲ್ಲಿ ದೋಣಿಗಳು ಕಡಿಮೆ, ಗೇಟು ಮುಚ್ಚೇ ಇರುತ್ತದೆ. ಮೊಟ್ಟೆ ಇಡಲು ಮೇಲಕ್ಕೆ ಹೋಗುವ ಮೀನುಗಳು ಅಲ್ಲಿ ಬಂದು ನಿಂತುಬಿಡುತ್ತವೆ. ಅದಕ್ಕೆ ನೀರಿನೊಳಗೆ ಕ್ಯಾಮರಾ ಇಟ್ಟು, 2021ರಿಂದ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದಾರೆ. ಮೀನು ಕಂಡರೆ ಯಾವ ದೇಶದವರಾದರೂ ಪರದೆಯ ಮೇಲಿನ ಬೆಲ್ ಒತ್ತಬಹುದು. ಮೀನು ಸೇರಿವೆ ಅಂತ ತಿಳಿದರೆ ಗೇಟು ತೆರೆಯುತ್ತಾರೆ. ನಮ್ಮ ಊರುಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಇಲ್ಲಿ ಮೀನಿಗೊಬ್ಬ ನೀರುಗಂಟಿ! ಗೇಟಿನ ಹತ್ತಿರ ಕಾಲು ಗಂಟೆ ನಿಂತಿದ್ದೆ. ಮೇಲಿನಿಂದ ಏನೂ ಕಾಣಲಿಲ್ಲ, ಬರೀ ಹಸಿರು ನೀರು.

ಏಪ್ರಿಲ್‌ನಲ್ಲಿ ಮಂಡ್ಯಕ್ಕೆ ವಾಪಸ್ ಬಂದೆವು. ಈಗ ರಾತ್ರಿ ಮುದ್ದೆ ಉಂಡಾದ ಮೇಲೆ ಹೆಂಡತಿ ಧಾರಾವಾಹಿ ಬಿಟ್ಟು ಫೋನಿನಲ್ಲಿ ಆ ನೀರನ್ನೇ ನೋಡುತ್ತಾ ಕೂರುತ್ತಾಳೆ. ಮೊನ್ನೆ, "ಬಂತು ಬಂತು, ದೊಡ್ಡದು ಬಂತು ನೋಡ್ರೀ" ಅಂತ ಕೂಗಿಕೊಂಡು ಬೆಲ್ ಒತ್ತಿಯೇಬಿಟ್ಟಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಎಲೆ.