ಕೊನೆಯ ಹತ್ತು ಪರ್ಸೆಂಟ್

7 ಡಿಸೆಂಬರ್ 2024, ಶನಿವಾರ
ಧಾರವಾಡ

ನಾಟಕದ ಕೊನೆಗೆ ಅಜ್ಜಿ ಹೊಸ್ತಿಲ ಮೇಲೆ ಕೂತಲ್ಲೇ ಕಣ್ಣು ಮುಚ್ಚುತ್ತಾಳೆ. 20 ಸೆಕೆಂಡಿನಲ್ಲಿ ಬೆಳಕು ಇಳಿದು ಆರಬೇಕು. ಇವತ್ತಿನ ತಾಲೀಮಿನಲ್ಲಿ ಇಳಿಯುತ್ತಾ ಬಂದದ್ದು ಕೊನೆಗೆ ಫಕ್ಕನೆ ಆರಿಬಿಟ್ಟಿತು. ಕಾಕಾ ರಂಗದ ಪಕ್ಕದ ವಿಂಗಿನಿಂದ ಹೊರಗೆ ಬಂದರು.

"ತಮ್ಮಾ, ಅಕಿ ಇನ್ನೂ ಉಸರಾಡಾಕತ್ತಿದ್ಲಪಾ. ನೀ ಲೈಟ್ ಬಂದ್ ಮಾಡಿದಿ."

ಆ ಮಾತು ಎದೆಗೆ ನಾಟಿತು.

ಬಾಡಿಗೆಗೆ ಬಂದ ಎಲ್‌ಇಡಿ ಪಾರ್ ದೀಪಗಳೆಲ್ಲ ಲೀನಿಯರ್‌ನಲ್ಲಿದ್ದವು. ಬೆಳಕು ಏರಿಳಿಸುವ ಫೇಡರ್ ಅರ್ಧಕ್ಕಿದ್ದರೆ ಬೆಳಕೂ ಅರ್ಧ. ಲೆಕ್ಕಕ್ಕೆ ಸರಿ, ಕಣ್ಣಿಗೆ ಸರಿಯಲ್ಲ. 100ರಿಂದ 50ಕ್ಕೆ ಇಳಿಸಿದರೂ ಅಷ್ಟೊಂದು ಇಳಿದಂತೆ ಅನಿಸಲ್ಲ. ಕೊನೆಯ 10ರಲ್ಲಿ ಎಲ್ಲ ಒಮ್ಮೆಲೇ ಹೋಗುತ್ತದೆ. ಕತ್ತಲಲ್ಲಿ ಕಣ್ಣು ಚೂರು ಬೆಳಕನ್ನೂ ಹಿಡಿಯುತ್ತದೆ ಅಲ್ವಾ? ಒಂದೊಂದೇ ಪಾರ್‌ನ ಮೆನು ತೆಗೆದು ಲೀನಿಯರ್ ಬದಲು ಸ್ಕ್ವೇರ್ ಲಾ, ಅಂದರೆ ವರ್ಗದ ಲೆಕ್ಕ, ಹಾಕಿದೆ. ಈಗ ಫೇಡರ್ 50ರಲ್ಲಿದ್ದರೆ ಬೆಳಕು 25, 10ರಲ್ಲಿದ್ದರೆ ಬರೀ 1. ಜೊತೆಗೆ 16 ಬಿಟ್ ಮೋಡ್. ಒಂದೇ ಚಾನೆಲ್‌ನಲ್ಲಿ ಬೆಳಕು ಇಳಿಯಲು 256 ಮೆಟ್ಟಿಲು, ಇನ್ನೂ ಸಣ್ಣ ಮೆಟ್ಟಿಲಿಗಿರುವ ಫೈನ್ ಚಾನೆಲ್ ಸೇರಿದರೆ 65,536. ಚಾನೆಲ್ ಹೆಚ್ಚಾದ್ದರಿಂದ ದೀಪಗಳ ಅಡ್ರೆಸ್, ಅಂದರೆ ಚಾನೆಲ್ ನಂಬರ್, ಎಲ್ಲ ಹೊಸದಾಗಿ ಹಾಕಬೇಕಾಯಿತು. ಹಾಕಿದೆ.

ಫೇಡರ್ ಸರಿಸಿದಾಗ ದೀಪ ಎಷ್ಟು ಬೇಗ ಬದಲಾಗಬೇಕು ಅನ್ನುವ ಡಿಮ್ಮರ್ ಸ್ಪೀಡ್ ಬಗ್ಗೆ ಮಾತ್ರ ತುಂಬಾ ಹೊತ್ತು ಯೋಚಿಸಿದೆ. ಹ್ಯಾಲೋಜನ್ ಬಲ್ಬಿನ ತಂತಿ ಕರೆಂಟ್ ಹೋದ ಮೇಲೂ ಒಂದು ಗಳಿಗೆ ಕೆಂಪಗಿರುತ್ತದೆ. ಎಲ್‌ಇಡಿಯಲ್ಲಿ ಹಾಗೆ ಕಾಯುವ ತಂತಿಯೇ ಇಲ್ಲ. ಸ್ಲೋ ಇಟ್ಟರೆ ಹ್ಯಾಲೋಜನ್ ತರಹ ತಡವಾಗಿ ಇಳಿಯುತ್ತದೆ, ಆದರೆ ಎರಡನೇ ಅಂಕದ ಮಿಂಚು ಮಂಕಾಗುತ್ತದೆ. ಹಿಂದಿನ ಎರಡು ಪಾರ್ ಮಿಂಚಿಗಂತಲೇ ಬಿಟ್ಟು ಫಾಸ್ಟ್ ಮಾಡಿದೆ. ಉಳಿದದ್ದೆಲ್ಲ ಸ್ಲೋ.

ಮತ್ತೆ ಕೊನೆಯ ದೃಶ್ಯ ಹಾಕಿದೆವು. ಅಜ್ಜಿಯ ಸೆರಗಿನ ಅಂಚು ಇನ್ನೂ ಕಾಣುತ್ತಿತ್ತು, ಆಮೇಲೆ ಬೆರಳು, ಆಮೇಲೆ ಏನೂ ಇಲ್ಲ. ಯಾವಾಗ ಆರಿತು ಅಂತ ನನಗೇ ತಿಳಿಯಲಿಲ್ಲ.

"ಈಗ ಹ್ವಾದ್ಲು ನೋಡು" ಅಂದರು ಕಾಕಾ.

ಚಹಾ ಕುಡಿಯುವಾಗ ಹೇಳಿದರು, ಕಣ್ಣಿಗೆ ಪೊರೆ ಬಂದಿದೆಯಂತೆ, ಆಪರೇಶನ್ ಆಗಬೇಕಂತೆ. ಇಷ್ಟು ದಿನ ಯಾರಿಗೂ ಹೇಳಿಲ್ಲ. ಆ ಕಣ್ಣಲ್ಲೇ ನನ್ನ ಫೇಡ್ ಹಿಡಿದರು! ಮುಂದಿನ ವಾರ ಶೇಷಗಿರಿ ಹಳ್ಳಿಯಲ್ಲಿ ಪ್ರಯೋಗ. ಅಲ್ಲಿಯವರು ನಾಟಕ ನೋಡಿ ಪಳಗಿದವರು. ಕಾಕಾ ಬರದಿದ್ದರೆ ನನಗೆ ಧೈರ್ಯ ಸಾಲದು.

ರಂಗದ ಮುಂದಿನ ಎರಡು ಹ್ಯಾಲೋಜನ್ ಇನ್ನೂ ಹಳೇ ಡಿಮ್ಮರ್ ಮೇಲಿವೆ. ಅವು ಇಳಿದಷ್ಟೂ ಕೆಂಪಾಗುತ್ತವೆ, ಈ ಎಲ್‌ಇಡಿಯ ಬಣ್ಣ ಹಾಗೇ ಇರುತ್ತದೆ. ಅದಕ್ಕೆ ಅಂಬರ್ ಬಣ್ಣ ಸ್ವಲ್ಪ ಸೇರಿಸಬೇಕು, ಇಲ್ಲಾ ಹ್ಯಾಲೋಜನ್ ಎರಡನ್ನೂ ಮೊದಲೇ ಇಳಿಸಿ...