ಭಾವನ ಬ್ರೆನ್ ಕೊನೆಗೂ ನಿಲ್ಲದೆ ಓಡಿತು

9 ಮಾರ್ಚ್ 2024, ಶನಿವಾರ
ಅರಿಝೋನಾ

ಇವತ್ತು 28ರಂತೆ ಮೂರು ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ), ಒಟ್ಟು 84 ಗುಂಡು. ಭಾವನ ಬಂದೂಕು ಒಂದು ಸಲವೂ ನಿಲ್ಲಲಿಲ್ಲ! ಮನೆಗೆ ಬಂದು ಕೈ ತೊಳೆದ ತಕ್ಷಣ ಬರೆಯಲು ಕೂತಿದ್ದೇನೆ. ನಾಳೆಗೆ ಬಿಟ್ಟರೆ ಯಾವುದಾದ ಮೇಲೆ ಯಾವುದು ಮಾಡಿದೆವು ಅನ್ನೋದೇ ಕಲಸಿಹೋಗುತ್ತದೆ.

ಬ್ರೆನ್ ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಲೈಟ್ ಮಷೀನ್ ಗನ್. ಮೂಲ ವಿನ್ಯಾಸ ಚೆಕ್ ದೇಶದ್ದು. ಬ್ರನೋ ಊರು, ಇಂಗ್ಲೆಂಡಿನ ಎನ್‌ಫೀಲ್ಡ್, ಎರಡರ ಹೆಸರೂ ಸೇರಿ ಬ್ರೆನ್ ಆಯಿತು. ಮ್ಯಾಗಝೀನ್ ನೆತ್ತಿಯ ಮೇಲೆ ಕೂರುತ್ತದೆ, ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸ್ ಕೆಳಗೆ ಬೀಳುತ್ತದೆ. ನಮ್ಮ ಸೇನೆಯಲ್ಲೂ ಇತ್ತು. ಅದರದೇ 7.62 ಮಿ.ಮೀ. ಗುಂಡಿನ ರೂಪವನ್ನು ನಾನು ಎನ್‌ಸಿಸಿ ಕ್ಯಾಂಪಿನಲ್ಲಿ ಬಿಚ್ಚಿ ಜೋಡಿಸಿದ್ದೆ, ಆ ಎಣ್ಣೆಯ ವಾಸನೆ ಇನ್ನೂ ಮೂಗಿನಲ್ಲಿದೆ.

ಭಾವನ ಹತ್ತಿರ ಇರುವುದು ಮಷೀನ್ ಗನ್ ಅಲ್ಲ. ಹಳೆಯ ಬಿಡಿಭಾಗಗಳ ಕಿಟ್ ತಗೊಂಡು, ಕಾನೂನಿಗೆ ಒಪ್ಪುವ ಹೊಸ ರಿಸೀವರ್‌ನಲ್ಲಿ (ಬಂದೂಕಿನ ಮುಖ್ಯ ಚೌಕಟ್ಟು) ಜೋಡಿಸಿದ್ದು. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಕಷ್ಟ ಶುರುವಾಗೋದೇ ಇಲ್ಲಿ. ಮೂಲ ಬ್ರೆನ್‌ನಲ್ಲಿ ಬೋಲ್ಟ್, ಅಂದರೆ ಗುಂಡನ್ನು ನಳಿಕೆಯೊಳಗೆ ತಳ್ಳಿ ಮುಚ್ಚುವ ಭಾಗ, ಹಿಂದೆ ನಿಂತು ಕಾಯುತ್ತದೆ, ಟ್ರಿಗರ್ ಒತ್ತಿದಾಗ ಮುಂದೆ ನುಗ್ಗಿ ಗುಂಡು ಹಾರಿಸುತ್ತದೆ. ಇದು ಬೋಲ್ಟ್ ಮುಚ್ಚಿಕೊಂಡ ಮೇಲೆ ಹಾರಬೇಕು. ಅದಕ್ಕಾಗಿ ಸೇರಿಸಿದ ಸ್ಪ್ರಿಂಗನ್ನೂ ಹಿಂದಕ್ಕೆ ತಳ್ಳುವ ಹೊರೆ, ಗುಂಡು ಹಾರಿದಾಗ ಹುಟ್ಟಿ ಬೋಲ್ಟನ್ನು ತಳ್ಳುವ ಗ್ಯಾಸ್ ಮೇಲೆ ಬೀಳುತ್ತದೆ. ಸುಮಾರು 90 ವರ್ಷದ ಹಿಂದೆ ಲೆಕ್ಕ ಹಾಕಿದವರು ಈ ಹೊರೆಯನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ, ಅಲ್ವಾ?

ಜನವರಿಯಿಂದ ನಾವು ಎರಡು ತೊಂದರೆಗಳನ್ನು ಒಂದೇ ಅಂದುಕೊಂಡಿದ್ದೆವು. ಕೆಲವೊಮ್ಮೆ ಬೋಲ್ಟ್ ಪೂರ್ತಿ ಮುಚ್ಚಿರುತ್ತಿತ್ತು, ಒಳಗೆ ಗುಂಡೇ ಇಲ್ಲ, ಟ್ರಿಗರ್ ಒತ್ತಿದರೆ ಬರೀ ಟಕ್. ಅಂದರೆ ಬೋಲ್ಟ್ ಸಾಕಷ್ಟು ಹಿಂದೆ ಹೋಗದೆ ಮುಂದಿನ ಗುಂಡನ್ನು ಹಿಡಿಯದೆ ವಾಪಸ್ ಬಂದಿದೆ. ಇನ್ನು ಕೆಲವೊಮ್ಮೆ ಬೋಲ್ಟ್ ಅರ್ಧಕ್ಕೇ ಸಿಕ್ಕಿಕೊಂಡು, ಎರಡು ಗುಂಡು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಈ ಎರಡನೆಯದು ಬಂದೂಕಿನ ತಪ್ಪೇ ಅಲ್ಲ. ಇದಕ್ಕೆ ಹಾಕುವ ಪಾಯಿಂಟ್ 303 ಗುಂಡಿನ ಬುಡದಲ್ಲಿ ಉಬ್ಬಿದ ಅಂಚಿರುತ್ತದೆ. ತುಂಬುವಾಗ ಪ್ರತಿ ಗುಂಡಿನ ಅಂಚೂ ಅದಕ್ಕೂ ಮೊದಲು ತುಂಬಿದ್ದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಮುಗೀತು. 30 ಹಿಡಿಯುವ ಮ್ಯಾಗಝೀನ್‌ಗೆ ಸೈನಿಕರು 28 ತುಂಬುತ್ತಿದ್ದರು, ಸ್ಪ್ರಿಂಗ್ ಮೇಲೆ ಒತ್ತಡ ಕಡಿಮೆ ಇರಲಿ ಅಂತ. ನಾವೂ ಇವತ್ತು ಒಂದೊಂದನ್ನೇ ನೋಡಿ, 28ಕ್ಕೆ ನಿಲ್ಲಿಸಿದೆವು. ಆ ತೊಂದರೆ ಅಲ್ಲಿಗೇ ಹೋಯಿತು.

ಉಳಿದದ್ದು ಟಕ್. ಎಷ್ಟು ಗ್ಯಾಸ್ ಬಿಡಬೇಕು ಅನ್ನೋದನ್ನು ಹಿಡಿತದಲ್ಲಿಡುವ ಬ್ರೆನ್‌ನ ಗ್ಯಾಸ್ ರೆಗ್ಯುಲೇಟರ್‌ನಲ್ಲಿ ನಾಲ್ಕು ಅಳತೆಯ ತೂತುಗಳಿವೆ. "ಎಲ್ಲಕ್ಕಿಂತ ದೊಡ್ಡದಕ್ಕೆ ಹಾಕಿಬಿಡೋಣ" ಅಂದರು ಭಾವ. ನಾನು ಒಪ್ಪಲಿಲ್ಲ. "ಬೇಡ ಭಾವ, ಎಲ್ಲೋ ಉಜ್ಜುತ್ತಿದೆ. ಜಾಸ್ತಿ ಗ್ಯಾಸ್ ಕೊಟ್ಟರೆ ಆ ತೊಂದರೆ ಕಣ್ಣಿಗೆ ಬೀಳಲ್ಲ ಅಷ್ಟೇ, ಭಾಗಗಳಿಗೆ ಸುಮ್ನೆ ಏಟು ಬೀಳುತ್ತೆ." ಸ್ಪ್ರಿಂಗ್ ತೆಗೆದು, ಜಾರುವ ಭಾಗಕ್ಕೆ ಮಾರ್ಕರ್ ಪೆನ್ ಬಳಿದು, ಕೈಯಲ್ಲೇ ಹಿಂದೆ ಮುಂದೆ ಇಪ್ಪತ್ತು ಸಲ ಎಳೆದೆವು. ಎಡಗಡೆ ಉಗುರಿನಷ್ಟು ಜಾಗದಲ್ಲಿ ಮಾತ್ರ ಶಾಯಿ ಅಳಿಸಿ ಲೋಹ ಹೊಳೆಯುತ್ತಿತ್ತು. ಬೆಸುಗೆ ಹಾಕಿದ ಜಾಗದ ಪಕ್ಕದಲ್ಲೇ ಒಂದು ಸಣ್ಣ ಮುಳ್ಳು! ಭಾವ ಕಾಲು ಶತಮಾನ ಲೇತ್ ಮೇಲೆ ಕೆಲಸ ಮಾಡಿದವರು, ಅವರ ಮುಖ ಸಪ್ಪಗಾಯಿತು. ನನಗೆ ಬೇಸರವಾಯಿತು, ಯಾಕೆಂದರೆ ಉಳಿದ ಕೆಲಸ ಅಷ್ಟು ಚೆಂದ ಮಾಡಿದ್ದಾರೆ. ಎಣ್ಣೆಗಲ್ಲಿನಿಂದ ನಿಧಾನವಾಗಿ, ನೋಡಿ ನೋಡಿ ಉಜ್ಜಿದರು. ಆಮೇಲೆ ಬಂದೂಕನ್ನು ಓರೆ ಹಿಡಿದರೆ ಸಾಕು, ಆ ಭಾಗ ತಾನಾಗಿ ಜಾರಿತು.

ರೇಂಜಿಗೆ ಹೋದಾಗ ಎರಡನೇ ತೂತಿನಲ್ಲೇ ಇಟ್ಟೆವು. ಬೇರೆ ಏನೂ ಮುಟ್ಟಲಿಲ್ಲ. ಹತ್ತನೇ ಗುಂಡಿನ ಹೊತ್ತಿಗೆ ಖಾಲಿ ಕೇಸ್‌ಗಳು ಕೆಳಗೆ ಒಂದೇ ಕಡೆ ಗುಡ್ಡೆಯಾಗತೊಡಗಿದವು. ಮುಂಚೆ ದಿಕ್ಕಾಪಾಲಾಗಿ ಬೀಳುತ್ತಿದ್ದವು. ಭಾವ 28ರವರೆಗೂ ಬಾಯಲ್ಲೇ ಎಣಿಸಿದರು.

ಇನ್ನು ನಾಲ್ಕನೇ ಮ್ಯಾಗಝೀನ್ ನೋಡಬೇಕು. ಅದರ ಸ್ಪ್ರಿಂಗ್ ಸಡಿಲ ಅನ್ನಿಸಿತು, ಅದಕ್ಕೇ ಇವತ್ತು ಬಳಸಲಿಲ್ಲ. ಮುಂದಿನ ಶನಿವಾರ.